ನಾಯಿ, ಬೆಕ್ಕು, ಕೋಳಿ ಒಂದೇ ಸೂರಿನಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಇರುವುದು ಸಕಲೇಶಪುರದ ಹತ್ತಿರ, ಕಾಫಿ ತೋಟದ ನಡುವೆ. ಸದ್ಯಕ್ಕೆ ಎರಡು ನಾಯಿ, ಮೂರು ಬೆಕ್ಕು, ಒಂದಷ್ಟು ನಾಟಿ ಕೋಳಿ, ಕೊಟ್ಟಿಗೆಯಲ್ಲಿ ಒಂದು ಮಲೆನಾಡು ಗಿಡ್ಡ ಹಸು, ಅದರ ಕರು. ಇಷ್ಟೂ ಜೀವಗಳು ಹೇಗೋ ಹೊಂದಿಕೊಂಡು ಬದುಕುತ್ತಿರುವುದನ್ನು ನೋಡಿ ನೆಂಟರು, ಪಕ್ಕದ ತೋಟದವರು, ಹಾಸನದಲ್ಲಿ ಬಾಡಿಗೆ ಮನೆಯಲ್ಲಿರುವ ಪರಿಚಯದವರು ಫೋನ್ ಮಾಡಿ ಕೇಳುತ್ತಿರುತ್ತಾರೆ. ಅದದೇ ಪ್ರಶ್ನೆಗಳು. ನಾನು ಡಾಕ್ಟರಲ್ಲ. ಸಾಕಿ, ತಪ್ಪು ಮಾಡಿ, ಡಾಕ್ಟರ ಹತ್ತಿರ ಬೈಸಿಕೊಂಡು ಕಲಿತವಳು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೊಬೈಲಿನಲ್ಲಿ ನಾಯಿಯ ಬೆನ್ನ ಮೇಲೆ ಬೆಕ್ಕು ಮಲಗಿರುವ ವಿಡಿಯೋ ನೋಡಿ, ನಮ್ಮ ಮನೆಯಲ್ಲೂ ಹಾಗೇ ಆಗಬೇಕು ಅಂತ ಹೊರಟರೆ ಬೇಸರವೇ ಗತಿ. ಎರಡೂ ತಮ್ಮ ಪಾಡಿಗೆ ತಾವಿದ್ದರೆ ಸಾಕು. ಒಂದು ಎದುರಿಗೆ ಹಾದುಹೋದಾಗ ಇನ್ನೊಂದು ಅರ್ಧ ಕಣ್ಣು ಬಿಟ್ಟು ನೋಡಿ ಮತ್ತೆ ನಿದ್ದೆ ಮಾಡಿತು ಅಂದರೆ ನೀವು ಗೆದ್ದ ಹಾಗೆ.

ನಾಯಿಗೂ ಬೆಕ್ಕಿಗೂ ಹುಟ್ಟಿನಿಂದಲೇ ವೈರ ಅಲ್ವಾ?

ಹಾಗೇನಿಲ್ಲ. ಒಂದರ ಭಾಷೆ ಇನ್ನೊಂದಕ್ಕೆ ತಿಳಿಯುವುದಿಲ್ಲ, ಅಷ್ಟೇ. ಬೆಕ್ಕು ಬಾಲವನ್ನು ನೆಟ್ಟಗೆ ಎತ್ತಿಕೊಂಡು ಬಂದರೆ ಸ್ನೇಹಕ್ಕೆ ಬರುತ್ತಿದೆ ಅಂತ ಅರ್ಥ. ನಾಯಿ ಬಾಲ ನೆಟ್ಟಗೆ ಎತ್ತಿ ಮೈ ಬಿಗಿ ಮಾಡಿದರೆ ಸ್ವಲ್ಪ ಹುಷಾರಾಗಿರಬೇಕು. ನಾಯಿ ಬಾಲ ಆಡಿಸುವುದು ಹೆಚ್ಚಾಗಿ ಖುಷಿಗೆ, ಬೆಕ್ಕು ಬಾಲ ಬಡಿಯುವುದು ಸಿಟ್ಟಿಗೆ. ನಾಯಿಮರಿ ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಮೇಲೆತ್ತಿ 'ಬಾ ಆಡೋಣ' ಅನ್ನುತ್ತದೆ. ಬೆಕ್ಕಿನ ಕಣ್ಣಿಗೆ ಅದು ಮೇಲೆ ಹಾರಲು ಹೊಂಚು ಹಾಕಿದ ಹಾಗೆ ಕಾಣುತ್ತದೆ. ಹೆದರಿ ಓಡುತ್ತದೆ. ಓಡುವುದನ್ನು ಕಂಡರೆ ಅಟ್ಟಿಸಿಕೊಂಡು ಹೋಗುವುದು ನಾಯಿಯ ರಕ್ತದಲ್ಲೇ ಇದೆ. ಹೀಗೆ ಆಟಕ್ಕೆ ಕರೆದದ್ದು ಜಗಳವಾಗುತ್ತದೆ.

ಚಿಕ್ಕ ವಯಸ್ಸಿನಲ್ಲಿ ಒಟ್ಟಿಗೆ ಬೆಳೆದರೆ ಈ ಭಾಷೆಯನ್ನು ಸುಲಭವಾಗಿ ಕಲಿಯುತ್ತವೆ. ನಾಯಿಮರಿಗೆ 3ರಿಂದ 14 ವಾರದ ತನಕ, ಬೆಕ್ಕಿನ ಮರಿಗೆ 2ರಿಂದ 7 ವಾರದ ತನಕ ಕಂಡದ್ದೆಲ್ಲ ಸಹಜ ಅನ್ನಿಸುವ ಕಾಲ. ದೊಡ್ಡವಾದ ಮೇಲೂ ಕಲಿಯುತ್ತವೆ, ಟೈಮ್ ಜಾಸ್ತಿ ಬೇಕು.

ಮನೇಲಿ ಹಳೇ ಬೆಕ್ಕಿದೆ, ಈಗ ನಾಯಿಮರಿ ತರ್ತಿದ್ದೀವಿ. ಮೊದಲ ದಿನ ಏನು ಮಾಡಬೇಕು?

ನಾನು ಮಾಡಿದ್ದನ್ನು ಮಾಡಬೇಡಿ. ನಮ್ಮ ಕರಿಯನನ್ನು ತಂದ ದಿನ, 'ಪರಿಚಯ ಮಾಡಿಸೋಣ' ಅಂತ ನೇರವಾಗಿ ಚುಕ್ಕಿಯ ಮುಂದೆ ಹಿಡಿದೆ. ಚುಕ್ಕಿ ಒಂದೇ ಏಟಿಗೆ ಅವನ ಮೂಗು ಗೀರಿ, ನನ್ನ ಕೈಯನ್ನೂ ಗೀರಿ, ಅಟ್ಟ ಹತ್ತಿತು. ಮೂರು ದಿನ ಕೆಳಗಿಳಿಯಲಿಲ್ಲ. ತಟ್ಟೆಯನ್ನು ಅಟ್ಟಕ್ಕೇ ಕೊಡಬೇಕಾಯಿತು. ಮೂಗಾದ್ದರಿಂದ ಸರಿಹೋಯಿತು, ಕಣ್ಣಾಗಿದ್ದರೆ? ಬೆಕ್ಕಿನ ಉಗುರು ತಾಗಿ ನಾಯಿಮರಿಯ ಕಣ್ಣು ಹಾಳಾಗುವುದು ಅಪರೂಪವಲ್ಲ.

ಸರಿಯಾದ ದಾರಿ ಸ್ವಲ್ಪ ನಿಧಾನದ್ದು. ಮೊದಲ ಕೆಲವು ದಿನ ಅವುಗಳ ಮುಖಾಮುಖಿಯೇ ಬೇಡ. ಮರಿಗೆ ಒಂದು ಕೋಣೆ ಕೊಟ್ಟು ಬಾಗಿಲು ಹಾಕಿ. ಬೆಕ್ಕನ್ನು ಕೂಡಿಹಾಕಬೇಡಿ, ಮನೆ ಅದರದ್ದು, ಹೊಸಬ ಮರಿ. ಕಣ್ಣಿಗಿಂತ ಮೊದಲು ಮೂಗಿಗೆ ಪರಿಚಯವಾಗಬೇಕು. ಮರಿ ಮಲಗಿದ ಹಳೇ ಲುಂಗಿಯ ತುಂಡನ್ನು ಬೆಕ್ಕು ಓಡಾಡುವ ಜಾಗದಲ್ಲಿ ಹಾಕಿ. ಬೆಕ್ಕಿನ ಕೆನ್ನೆಗೆ ಉಜ್ಜಿದ ಬಟ್ಟೆಯನ್ನು ಮರಿಯ ಹಾಸಿಗೆಗೆ ಹಾಕಿ. ಬೆಕ್ಕು ಆ ಬಟ್ಟೆಯನ್ನು ಮೂಸಿ ಬುಸುಗುಟ್ಟಿದರೆ ಇನ್ನೂ ದಿನ ಬೇಕು. ಮೂಸಿ ಸುಮ್ನೆ ಹೋದರೆ, ಅದರ ಮೇಲೇ ಮಲಗಿದರೆ, ಮುಂದಿನ ಹೆಜ್ಜೆ ಇಡಬಹುದು.

ಆಮೇಲೆ ಮುಚ್ಚಿದ ಬಾಗಿಲಿನ ಎರಡೂ ಕಡೆ ಊಟ. ಆಚೆ ಮರಿ, ಈಚೆ ಬೆಕ್ಕು. ಮೊದಲು ದೂರದಲ್ಲಿ, ದಿನಾ ಒಂದು ಮೊಳ ಹತ್ತಿರ. 'ಆ ವಾಸನೆ ಬಂದರೆ ಊಟ ಬರುತ್ತದೆ' ಅಂತ ಎರಡರ ತಲೆಯಲ್ಲೂ ಕೂರಬೇಕು. ಬೆಕ್ಕಿಗೆ ಈ ಹೊತ್ತಿನಲ್ಲಿ ಹಾಲನ್ನ ಹಾಕಿದರೆ ಪ್ರಯೋಜನವಿಲ್ಲ. ಮೀನಿನ ತುಂಡು ಹಾಕಿ. ಲಂಚ ಕೊಡುವಾಗ ಜಿಪುಣತನ ಮಾಡಬಾರದು.

ಕೊನೆಗೆ ಮುಖಾಮುಖಿ. ನಾಯಿಗೆ ಬೆಲ್ಟ್ ಹಾಕಿ ಹಗ್ಗ ನಿಮ್ಮ ಕೈಯಲ್ಲಿರಲಿ. ಬೆಕ್ಕಿಗೆ ಮಾತ್ರ ಹಗ್ಗ ಬೇಡ, ಎತ್ತಿಕೊಳ್ಳಲೂ ಬೇಡ. ತಾನಾಗಿ ಬರಲಿ, ತಾನಾಗಿ ಹೋಗಲಿ. ಐದು ನಿಮಿಷ ಸಾಕು. ನಾಯಿ ಬೆಕ್ಕಿನಿಂದ ಕಣ್ಣು ತೆಗೆದು ನಿಮ್ಮ ಮುಖ ನೋಡಿದ ತಕ್ಷಣ ಒಂದು ತುಂಡು ಕೊಡಿ. ಈ ಒಂದು ಪಾಠ ನಾಯಿಗೆ ಬಂದುಬಿಟ್ಟರೆ ಮುಕ್ಕಾಲು ಕೆಲಸ ಮುಗಿಯಿತು.

ಬೆಕ್ಕಿಗೆ ನಾಯಿಗೆ ಎಟುಕದ ಎತ್ತರದ ಜಾಗ ಇರಲೇಬೇಕು. ನಮ್ಮ ಕಡೆ ಹಳೇ ಮನೆಗಳಲ್ಲಿ ಅಟ್ಟ ಇರುವುದು ಪುಣ್ಯ. ಹಾಸನದ ಬಾಡಿಗೆ ಮನೆಗಳಲ್ಲಿ ಬೀರುವಿನ ತಲೆ, ಸಜ್ಜಾ, ಫ್ರಿಜ್ಜಿನ ಮೇಲೆ ಒಂದು ಗೋಣಿಚೀಲ ಹಾಸಿಕೊಟ್ಟರೂ ನಡೆಯುತ್ತದೆ.

ಒಟ್ಟು ಎಷ್ಟು ದಿನ ಹಿಡಿಯುತ್ತೆ?

ಕೆಲವು ಮನೆಗಳಲ್ಲಿ ಎರಡು ವಾರ. ನಮ್ಮ ಮನೆಯಲ್ಲಿ ಮೂರೂವರೆ ತಿಂಗಳು. ಅದರಲ್ಲಿ ಅರ್ಧ ನನ್ನ ಮೊದಲ ದಿನದ ಬುದ್ಧಿವಂತಿಕೆಯ ಫಲ.

ದೊಡ್ಡ ನಾಯಿ ಇದೆ, ಬೆಕ್ಕಿನ ಮರಿ ತಂದರೆ ಇದೇ ಕ್ರಮನಾ?

ಕ್ರಮ ಇದೇ, ಅಪಾಯ ಜಾಸ್ತಿ. ಬೆಕ್ಕಿನ ಮರಿಯನ್ನು ಕೊಲ್ಲಲು ನಾಯಿಗೆ ಸಿಟ್ಟು ಬರಬೇಕಾಗಿಲ್ಲ. ಆಟಕ್ಕೆ ಕಚ್ಚಿ ಒದರಿದರೆ ಸಾಕು. ಹಾಗಾಗಿ ಮರಿ ಬೆಳೆಯುವ ತನಕ ಅವೆರಡನ್ನು ಮಾತ್ರ ಬಿಟ್ಟು ಹೊರಗೆ ಹೋಗಬೇಡಿ. 'ನಮ್ಮ ನಾಯಿ ತುಂಬಾ ಸಾಧು' ಅನ್ನುವವರಿಗೂ ಇದೇ ಮಾತು. ಇನ್ನೊಂದು, ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬಿಡಿಸಿ ತರಬೇಡಿ.

ನಾಯಿಯ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಮುಧೋಳದಂಥವು ಕಣ್ಣಿನಿಂದ ಬೇಟೆ ಹಿಡಿದು ಓಡುವ ನಾಯಿಗಳು. ಚಿಕ್ಕದೇನಾದರೂ ಓಡಿದರೆ ಯೋಚನೆ ಮಾಡುವ ಮೊದಲೇ ಕಾಲು ಓಡಿರುತ್ತದೆ. ಹಾಗಂತ ಮುಧೋಳ ಇರುವ ಮನೆಯಲ್ಲಿ ಬೆಕ್ಕು ಸಾಕಲೇಬಾರದು ಅಂತಲ್ಲ, ಮರಿಯಿಂದ ಒಟ್ಟಿಗೆ ಬೆಳೆಸಬೇಕು. ಆದರೆ ಹಿಂದೆ ಒಮ್ಮೆ ಬೆಕ್ಕು ಕೊಂದ ನಾಯಿ ನಿಮ್ಮಲ್ಲಿದ್ದರೆ ಬೆಕ್ಕು ತರುವ ಆಸೆ ಬಿಡಿ. ಇದರಲ್ಲಿ ನನ್ನದು ಹಟವೇ.

ಗುರ್ ಅಂದಾಗ, ಬುಸ್ ಅಂದಾಗ ಬೈಯಬೇಕಾ?

ಬೇಡ. ಅದು ಪಾಪ 'ದೂರ ಇರು' ಅಂತ ಬಾಯಿಬಿಟ್ಟು ಹೇಳುತ್ತಿದೆ. ಗುರ್ ಅಂದದ್ದಕ್ಕೆ ಏಟು ತಿಂದ ನಾಯಿ, ಮುಂದಿನ ಸಲ ಗುರ್ ಅನ್ನದೆ ನೇರವಾಗಿ ಬಾಯಿ ಹಾಕುತ್ತದೆ. ಸದ್ದಿಗಿಂತ ಸದ್ದಿಲ್ಲದ್ದಕ್ಕೆ ಹೆದರಬೇಕು. ನಾಯಿ ಬಾಯಿ ಮುಚ್ಚಿ, ಮೈ ಮರಗಟ್ಟಿದ ಹಾಗೆ ನಿಂತು, ರೆಪ್ಪೆ ಬಡಿಯದೆ ಬೆಕ್ಕನ್ನೇ ನೋಡುತ್ತಿದ್ದರೆ ಆಗಲೇ ಹಗ್ಗ ಹಿಡಿದು ಆಚೆ ಕರೆದುಕೊಂಡು ಹೋಗಿ.

ಎರಡು ಬೆಕ್ಕು ವರ್ಷಗಟ್ಟಲೆ ಚೆನ್ನಾಗಿದ್ವು, ಇದ್ದಕ್ಕಿದ್ದ ಹಾಗೆ ಕಿತ್ತಾಡ್ತಿವೆ. ಯಾಕೆ?

ಮೊದಲು ಎರಡು ಪ್ರಶ್ನೆ. ಅದರಲ್ಲಿ ಒಂದು ಈಚೆಗೆ ಆಸ್ಪತ್ರೆಗೆ ಹೋಗಿ ಬಂದಿತ್ತಾ? ಬೆಕ್ಕು, ನಮ್ಮ ಹಾಸನದ ಹಳ್ಳಿಗಳ ಮಾತಿನಲ್ಲಿ ಕೊತ್ತಿ, ಮನೆಯವರನ್ನು ಗುರುತು ಹಿಡಿಯುವುದು ವಾಸನೆಯಿಂದ. ಔಷಧಿ, ಬೇರೆ ಪ್ರಾಣಿಗಳ ವಾಸನೆ ಹೊತ್ತು ಬಂದದ್ದು ಜೊತೆಯ ಬೆಕ್ಕಿಗೆ ಅಪರಿಚಿತ. ಆಸ್ಪತ್ರೆಯಿಂದ ಬಂದದ್ದನ್ನು ಒಂದು ದಿನ ಬೇರೆ ಕೋಣೆಯಲ್ಲಿಟ್ಟು, ಹಳೇ ಹಾಸಿಗೆಯಲ್ಲಿ ಹೊರಳಾಡಿಸಿ ಆಮೇಲೆ ಬಿಟ್ಟರೆ ಜಗಳ ತಪ್ಪುತ್ತದೆ.

ಎರಡನೆಯದು, ಬೀದಿಯ ಗಂಡು ಬೆಕ್ಕೊಂದು ಕಿಟಕಿಯ ಹತ್ತಿರ ಸುಳಿದಾಡುತ್ತಿದೆಯಾ? ಹೊರಗಿನದರ ಮೇಲಿನ ಸಿಟ್ಟನ್ನು ಕೈಗೆ ಸಿಗುವ ಒಳಗಿನದರ ಮೇಲೆ ತೀರಿಸಿಕೊಳ್ಳುತ್ತವೆ. ಆಫೀಸಿನ ಸಿಟ್ಟು ಮನೆಯಲ್ಲಿ ತೀರಿಸಿಕೊಳ್ಳುವ ಗಂಡಸರ ಹಾಗೆ. ಕಿಟಕಿಯ ಕೆಳಭಾಗಕ್ಕೆ ರಟ್ಟು ಹಾಕಿ ಮುಚ್ಚಿದರೂ ಎಷ್ಟೋ ಕಡಿಮೆಯಾಗುತ್ತದೆ.

ಇವೆರಡೂ ಅಲ್ಲದಿದ್ದರೆ ಯಾವುದಕ್ಕೋ ನೋವಿರಬಹುದು, ಡಾಕ್ಟರಿಗೆ ತೋರಿಸಿ. ಮನೆಯೊಳಗೇ ಇರುವ ಬೆಕ್ಕುಗಳಾದರೆ ಮಲಮೂತ್ರದ ಟ್ರೇ ಎಷ್ಟಿವೆ ಎಣಿಸಿ. ಎರಡು ಬೆಕ್ಕಿಗೆ ಮೂರು ಟ್ರೇ, ಬೇರೆ ಬೇರೆ ಕಡೆ. ಒಂದರ ಪಕ್ಕ ಒಂದು ಸಾಲಾಗಿ ಇಟ್ಟರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ ಟ್ರೇ.

ನಾಯಿಗಳು ಊಟದ ಹೊತ್ತಿಗೆ ಕಚ್ಚಾಡ್ತವೆ. ಬಿಡಿಸೋದು ಹೇಗೆ?

ಕೈ ಹಾಕಬೇಡಿ. ಕುತ್ತಿಗೆಯ ಬೆಲ್ಟ್ ಹಿಡಿದು ಎಳೆಯಲು ಹೋದವರೇ ಹೆಚ್ಚಾಗಿ ಕಚ್ಚಿಸಿಕೊಳ್ಳುವುದು, ಅದೂ ಸ್ವಂತ ನಾಯಿಯಿಂದ. ಒಂದು ಕೊಡ ನೀರು ಎರಚಿ, ಕಂಬಳಿ ಎಸೆಯಿರಿ, ಮಧ್ಯೆ ಹಲಗೆ ತೂರಿಸಿ. ಬೇರೆಯಾದ ಕೂಡಲೇ ಒಂದನ್ನು ಒಳಗೆ ಹಾಕಿ ಬಾಗಿಲು ಹಾಕಿ.

ಬಿಡಿಸುವುದಕ್ಕಿಂತ ಬಾರದ ಹಾಗೆ ನೋಡಿಕೊಳ್ಳುವುದು ಸುಲಭ. ಒಂದಕ್ಕೆ ಜಗಲಿಯಲ್ಲಿ, ಇನ್ನೊಂದಕ್ಕೆ ಹಿತ್ತಲಲ್ಲಿ ಊಟ. ಒಂದರ ಮುಖ ಒಂದಕ್ಕೆ ಕಾಣಬಾರದು. ತಿಂದಾದ ಮೇಲೆ ತಟ್ಟೆ ಎತ್ತಿಬಿಡಿ, ಖಾಲಿ ತಟ್ಟೆಗೂ ಜಗಳವಾಗುತ್ತದೆ. ಮೂಳೆ ಹಾಕುವ ದಿನವಂತೂ ಒಂದನ್ನು ಕಟ್ಟಿಹಾಕಿ. ಎರಡೂ ಗಂಡಾಗಿ, ಮರಿಯಾಗದ ಹಾಗೆ ಮಾಡುವ ಆಪರೇಶನ್ ಆಗಿಲ್ಲದಿದ್ದರೆ ಅದನ್ನು ಮಾಡಿಸಿ. ಬೆದೆಗೆ ಬಂದ ಹೆಣ್ಣುನಾಯಿ ಅಕ್ಕಪಕ್ಕ ಇದ್ದಾಗ ಆಗುವ ಜಗಳ ಅದರಿಂದ ಕಡಿಮೆಯಾಗುತ್ತದೆ. ಊಟದ ಜಗಳಕ್ಕೆ ಅದು ಮದ್ದಲ್ಲ.

ಬೆಕ್ಕಿನ ಊಟ ನಾಯಿ ತಿನ್ನುತ್ತೆ, ನಾಯಿಯದ್ದು ಬೆಕ್ಕು. ತೊಂದರೆಯಾ?

ಒಮ್ಮೊಮ್ಮೆ ಆದರೆ ಏನಿಲ್ಲ. ದಿನಾ ಆಗಬಾರದು. ಟಾರಿನ್ ಅನ್ನುವ ಅಂಶ ಬೆಕ್ಕಿಗೆ ಆಹಾರದಿಂದಲೇ ಸಿಗಬೇಕು, ಅದು ಇರುವುದು ಮಾಂಸ ಮೀನಿನಲ್ಲಿ. ಬರೀ ನಾಯಿಯ ಊಟ, ರಾಗಿ ಮುದ್ದೆ, ಅನ್ನ ತಿಂದು ಬೆಳೆದ ಬೆಕ್ಕಿಗೆ ಕಾಲಕ್ರಮೇಣ ಕಣ್ಣು, ಹೃದಯ ಹಾಳಾಗುತ್ತವೆ. ಬೆಕ್ಕಿನ ತಟ್ಟೆಯನ್ನು ಕಿಟಕಿ ಕಟ್ಟೆಯ ಮೇಲಿಡಿ, ನಾಯಿ ಅದಕ್ಕೆ ಬಾಯಿ ಹಾಕುವುದು ತಪ್ಪುತ್ತದೆ.

ಇದರ ಜೊತೆಗೇ ಹೇಳಬೇಕಾದದ್ದು ಇಲಿ ಪಾಷಾಣ. ಬೆಕ್ಕು ಇರುವ ಮನೆಯಲ್ಲಿ ಅದನ್ನು ಇಡಲೇಬಾರದು. ವಿಷ ತಿಂದ ಇಲಿಯನ್ನು ಬೆಕ್ಕು ತಿಂದರೆ ಅದಕ್ಕೂ ವಿಷವೇರಬಹುದು. ಮತ್ತೆ ನಮ್ಮಂಥ ಕಾಫಿ ಊರಿನವರು ಮರೆಯುವ ಒಂದು ವಿಷಯ: ಕಾಫಿ ಬೀಜ, ಕಾಫಿ ಪುಡಿ, ಚರಟ, ಮೂರೂ ನಾಯಿ ಬೆಕ್ಕುಗಳಿಗೆ ವಿಷವೇ. ಕೆಫೀನ್ ಅವುಗಳ ಎದೆಬಡಿತವನ್ನು ಏರಿಸಿಬಿಡುತ್ತದೆ. ಫಿಲ್ಟರಿನ ಚರಟವನ್ನು ತಿಪ್ಪೆಗೆ ಎಸೆಯುವಾಗ ಮಣ್ಣು ಮುಚ್ಚಿ.

ನಾಯಿಗೆ ಉಣುಗಿನ ಔಷಧಿ ಹಾಕ್ತೀವಿ. ಅದೇ ಬೆಕ್ಕಿಗೂ ಹಾಕಬಹುದಾ?

ಖಂಡಿತ ಬೇಡ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ನಾಯಿಯ ಹಲವು ಉಣುಗಿನ ಔಷಧಿಗಳಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇರುತ್ತದೆ. ಬೆಕ್ಕಿನ ಪಿತ್ತಜನಕಾಂಗಕ್ಕೆ ಅದನ್ನು ಅರಗಿಸುವ ಶಕ್ತಿ ಇಲ್ಲ. ಮೈ ನಡುಕ, ಫಿಟ್ಸ್ ಬಂದು ಸಾಯಲೂಬಹುದು. ದನಗಳ ಉಣುಗಿಗೆ ನೀರಿನಲ್ಲಿ ಕಲಸಿ ಹಚ್ಚುವ ಔಷಧಿಯನ್ನು 'ಒಂದು ಹನಿ ತಾನೇ' ಅಂತ ಬೆಕ್ಕಿಗೆ ಹಚ್ಚುವವರೂ ಇದ್ದಾರೆ. ಅದೂ ಬೇಡ.

ಬೆಕ್ಕಿಗೆ ಹಾಕದಿದ್ದರೂ ಅಪಾಯ ಉಂಟು. ಔಷಧಿ ಹಚ್ಚಿದ ನಾಯಿಗೆ ಒರಗಿ ಮಲಗಿದರೆ, ನಾಯಿಯ ಮೈ ನೆಕ್ಕಿದರೆ ಸಾಕು. ಎರಡೂ ತುಂಬಾ ಹೊಂದಿಕೊಂಡ ಮನೆಗಳಲ್ಲೇ ಈ ಅಪಾಯ ಹೆಚ್ಚು ನೋಡಿ, ವಿಚಿತ್ರ. ಔಷಧಿ ಹಚ್ಚಿದ ಮೇಲೆ ಎಷ್ಟು ದಿನ ದೂರ ಇಡಬೇಕು ಅಂತ ಡಾಕ್ಟರನ್ನು ಕೇಳಿಯೇ ತನ್ನಿ. ನಾನು ಮೂರು ದಿನ ಇಡುತ್ತೇನೆ. ಮನುಷ್ಯರ ಪ್ಯಾರಾಸಿಟಮಾಲ್ ಕೂಡ ಬೆಕ್ಕಿಗೆ ವಿಷ, ಅರ್ಧ ಮಾತ್ರೆಯೂ ಕೂಡದು.

ಹಾಗಂತ ಉಣುಗನ್ನು ಸುಮ್ಮನೆ ಬಿಡುವ ಹಾಗೂ ಇಲ್ಲ. ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದದ್ದು, ಈಗ ಚಿಕ್ಕಮಗಳೂರಿನ ಕೊಪ್ಪ, ಶೃಂಗೇರಿ ಕಡೆಗೂ ಹೊಸದಲ್ಲ. ಕಾಡಂಚಿಗೆ ಹೋಗಿಬಂದ ನಾಯಿಯ ಕಿವಿ, ಬೆರಳ ಸಂದು, ಕುತ್ತಿಗೆಯ ಬೆಲ್ಟಿನ ಕೆಳಗೆ ನೋಡಿಯೇ ಒಳಗೆ ಬಿಡಿ.

ನಾಯಿ ಕೋಳಿ ಹಿಡಿಯೋದು ಕಲ್ತಿದೆ. ಸತ್ತ ಕೋಳಿನ ಕುತ್ತಿಗೆಗೆ ಕಟ್ಟಿದ್ರೆ ಬುದ್ಧಿ ಬರುತ್ತೆ ಅಂತಾರಲ್ಲ?

ನಮ್ಮ ತಾತನ ಕಾಲದಿಂದ ಹೇಳುತ್ತಾರೆ. ಬುದ್ಧಿ ಬಂದ ನಾಯಿಯನ್ನು ಮಾತ್ರ ನಾನು ನೋಡಿಲ್ಲ. ನಾಯಿಗೆ ಆ ಶಿಕ್ಷೆ ಯಾವುದಕ್ಕೆ ಅಂತ ತಿಳಿಯುವುದೇ ಇಲ್ಲ, ಕೊಳೆತ ಮಾಂಸದ ವಾಸನೆ ಅದಕ್ಕೆ ಶಿಕ್ಷೆಯೂ ಅಲ್ಲ.

ಮರಿಯಿದ್ದಾಗಲೇ ಹಗ್ಗ ಹಿಡಿದು ಕೋಳಿಗಳ ನಡುವೆ ದಿನಾ ಹತ್ತು ನಿಮಿಷ ಕೂರಿಸಿ. ಕೋಳಿ ನೋಡಿ ಸುಮ್ಮನಿದ್ದರೆ ತಿಂಡಿ. ಬೇಜಾರಾಗಿ ಆಕಳಿಸುವ ತನಕ ಕೂರಿಸಬೇಕು. ಒಮ್ಮೆ ರಕ್ತದ ರುಚಿ ಕಂಡ ನಾಯಿಗೆ ಪಾಠ ಹೇಳಿ ಗೆಲ್ಲುವುದು ಕಷ್ಟ. ಬೇಲಿ ಹಾಕುವುದೇ ವಾಸಿ, ಇಲ್ಲವೇ ಕೋಳಿ ಬಿಡುವ ಹೊತ್ತಿನಲ್ಲಿ ನಾಯಿಯನ್ನು ಕಟ್ಟಬೇಕು.

ಬೆಕ್ಕಿನ ಕತೆ ಬೇರೆ. ಬೆಳೆದ ನಾಟಿ ಕೋಳಿಯ ತಂಟೆಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಮರಿಗಳನ್ನು ಮಾತ್ರ ಬಿಡುವುದಿಲ್ಲ. ಹೇಂಟೆ ಜೊತೆಗಿದ್ದರೆ ಅದೇ ರೆಕ್ಕೆ ಕೆದರಿ ಬೆಕ್ಕನ್ನು ಅಟ್ಟುತ್ತದೆ. ನಮ್ಮ ಚುಕ್ಕಿ ಒಂದು ಹೇಂಟೆಯಿಂದ ತಲೆಗೆ ಕುಕ್ಕಿಸಿಕೊಂಡ ಮೇಲೆ ಆ ಕಡೆ ಹಾಯುವುದನ್ನೇ ಬಿಟ್ಟಿತು. ಹೇಂಟೆ ಇಲ್ಲದ ಮರಿಗಳನ್ನು ಮಂಕರಿ ಮುಚ್ಚಿ, ಮೇಲೊಂದು ಕಲ್ಲು ಹೇರಿ.

ಲವ್ ಬರ್ಡ್ಸ್, ಮೊಲ ಇರುವ ಮನೇಲಿ ಬೆಕ್ಕು ಸಾಕಬಹುದಾ?

ಸಾಕಬಹುದು, ಸ್ನೇಹ ಮಾಡಿಸಲು ಹೋಗಬೇಡಿ. ಪಂಜರದ ಮುಂದೆ ಬೆಕ್ಕು ಗಂಟೆಗಟ್ಟಲೆ ಕೂತು ನೋಡುತ್ತಿದ್ದರೆ ನಮಗೆ ಮುದ್ದು, ಒಳಗಿರುವುದಕ್ಕೆ ಪ್ರಾಣಸಂಕಟ. ಪಂಜರ ಬೇರೆ ಕೋಣೆಯಲ್ಲಿರಲಿ. ಬೆಕ್ಕಿನ ಹಲ್ಲು ತಾಗಿದ ಹಕ್ಕಿಗೆ ಮೇಲೆ ಗಾಯ ಕಾಣದಿದ್ದರೂ ಅದೇ ದಿನ ಡಾಕ್ಟರಿಗೆ ತೋರಿಸಬೇಕು. ಬೆಕ್ಕಿನ ಬಾಯಿಯ ಸೂಕ್ಷ್ಮಜೀವಿಗಳು ಹಕ್ಕಿಯನ್ನು ಬೇಗ ಕೊಲ್ಲುತ್ತವೆ. ಮೊಲ ಹೆದರಿದರೆ ತಿನ್ನುವುದು ಬಿಡುತ್ತದೆ. ಅರ್ಧ ದಿನ ಹುಲ್ಲು ಮುಟ್ಟದ ಮೊಲ ಅಂದರೆ ಅದು ತುರ್ತು.

ನಮ್ಮ ಕಾಡಿನ ಗಿಳಿಯನ್ನು ಪಂಜರದಲ್ಲಿ ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ನಕ್ಷತ್ರ ಆಮೆಯೂ ಅಷ್ಟೇ. ಅವು ಬೆಕ್ಕಿನ ಜೊತೆ ಹೊಂದಿಕೊಳ್ಳುತ್ತವಾ ಅಂತ ನನ್ನನ್ನು ಕೇಳಬೇಡಿ.

ಹಸು ಕರು ಹಾಕಿದೆ, ನಾಯಿ ಹತ್ತಿರ ಹೋಗಬಹುದಾ?

ಮೊದಲ ಎರಡು ವಾರ ಬೇಡ. ವರ್ಷಗಟ್ಟಲೆ ಜೊತೆಗಿದ್ದ ನಾಯಿಯನ್ನೇ ಹಸು ಕೊಂಬಿನಲ್ಲಿ ಎತ್ತಿ ಹಾಕುತ್ತದೆ. ಕರು ಹಾಕಿದ ಮೇಲೆ ಹಸುವಿನಿಂದ ಬೀಳುವ ಕಸವನ್ನು (ಮಾಸು) ನಾಯಿ ಎಳೆಯದ ಹಾಗೆ ಆಳವಾಗಿ ಹೂಳಿ.

ಮಳೆಗಾಲ ಬಂತು ಅಂದ್ರೆ ಜಗಳ ಜಾಸ್ತಿ ಆಗುತ್ತೆ. ನಮ್ಮನೇಲಿ ಮಾತ್ರನಾ?

ಎಲ್ಲರ ಮನೆಯಲ್ಲೂ. ಆರಿದ್ರಾ ಮಳೆ ಹಿಡಿದರೆ ಪುನರ್ವಸು, ಪುಷ್ಯ, ಆಶ್ಲೇಷ ಮುಗಿಯುವ ತನಕ ಯಾವುದೂ ಹೊರಗೆ ಕಾಲಿಡುವುದಿಲ್ಲ. ಬೇಸಿಗೆಯಲ್ಲಿ ಇಡೀ ತೋಟವೇ ಅವುಗಳದ್ದು. ಈಗ ಒಂದು ಜಗಲಿ, ಒಂದು ಬಚ್ಚಲು. ಅದರಲ್ಲೂ ಹಂಡೆ ಒಲೆಯ ಮುಂದಿನ ಎರಡು ಅಡಿ ಜಾಗ. ಮೂರು ಬೆಕ್ಕು ಎರಡು ನಾಯಿಗೆ ಅಷ್ಟೇ ಬೇಕು, ಮಕ್ಕಳಿಗೂ ಅದೇ ಬೇಕು. ಒಲೆಯ ಬೂದಿಯೊಳಗೇ ಮಲಗುವ ಬೆಕ್ಕಿಗೂ, ಒದ್ದೆ ಮೈ ಒಣಗಿಸಲು ಬಂದ ನಾಯಿಗೂ ನಮ್ಮ ಮನೆಯಲ್ಲಿ ಪ್ರತಿ ಜುಲೈನಲ್ಲಿ ಒಂದು ಸುತ್ತು ಆಗಿಯೇ ಆಗುತ್ತದೆ.

ಉಪಾಯ ಏನೆಂದರೆ ಬಿಸಿಯ ಜಾಗವನ್ನು ಒಂದರ ಬದಲು ಎರಡು ಮಾಡುವುದು. ನಾವು ನಾಯಿಗಳಿಗೆ ಜಗಲಿಯ ಮೂಲೆಯಲ್ಲಿ ಹಲಗೆ ಹಾಕಿ, ಅದರ ಮೇಲೆ ಒಣಹುಲ್ಲು ತುಂಬಿದ ಗೋಣಿ ಹಾಸುತ್ತೇವೆ. ನೆಲಕ್ಕೆ ನೇರವಾಗಿ ಹಾಕಿದರೆ ಥಂಡಿ ಎಳೆಯುತ್ತದೆ. ಬೆಕ್ಕಿಗೆ ಬಚ್ಚಲು. ನಾಯಿ ಒಳಗೆ ಬರುವ ಮೊದಲು ಹಳೇ ಬಟ್ಟೆಯಲ್ಲಿ ಮೈ ಒರೆಸಿ, ಇಂಬಳ ಕಿತ್ತು ಬಿಡಿ. ಎರಡು ಮಳೆಯ ನಡುವೆ ಹೊಳವಾದಾಗ ಹಗ್ಗ ಹಾಕಿ ಒಂದು ಸುತ್ತು ನಡೆಸಿ. ದಣಿದ ನಾಯಿಗೆ ಬೆಕ್ಕಿನ ಮೇಲೆ ಆಸಕ್ತಿ ಇರುವುದಿಲ್ಲ.

ಚಿರತೆ ಭಯ, ನಾಯಿನ ರಾತ್ರಿ ಒಳಗೇ ಹಾಕ್ಬೇಕು. ಆದ್ರೆ ಒಳಗೆ ಬೆಕ್ಕಿದೆ.

ಇದು ಸಕಲೇಶಪುರ, ಮೂಡಿಗೆರೆ, ಕೊಪ್ಪದವರೆಲ್ಲ ಕೇಳುವ ಪ್ರಶ್ನೆ. ನಾಯಿಯನ್ನು ಅಂಗಳದಲ್ಲಿ ಕಟ್ಟಿಹಾಕಿ ಮಲಗುವುದು ಅಂದರೆ ಚಿರತೆಗೆ ತಟ್ಟೆಯಲ್ಲಿ ಬಡಿಸಿಟ್ಟ ಹಾಗೆ. ಒಳಗೆ ಹಾಕಲೇಬೇಕು. ಹಗಲಿನಲ್ಲಿ ಹೊಂದಿಕೊಂಡವು ರಾತ್ರಿಯೂ ಹೊಂದಿಕೊಳ್ಳುತ್ತವೆ ಅಂತ ನಂಬಬೇಡಿ. ಕತ್ತಲಲ್ಲಿ ಬೆಕ್ಕು ಚುರುಕು, ಓಡಾಟ ಜಾಸ್ತಿ. ನಾಯಿಯನ್ನು ಬಾಗಿಲಿರುವ ಒಂದು ಜಾಗದಲ್ಲಿ, ಉದಾಹರಣೆಗೆ ಸೌದೆ ಮನೆಯಲ್ಲಿ, ಮಲಗಿಸಿ. ಉಳಿದ ಮನೆ ಬೆಕ್ಕಿಗೆ.

ಹಾಗೇ ಆನೆ ಇರುವ ಕಡೆ ನಾಯಿಯನ್ನು ತೋಟಕ್ಕೆ ಬಿಟ್ಟುಕೊಂಡು ಹೋಗಬೇಡಿ. ಅದು ಬೊಗಳಿ ಕೆಣಕಿ, ಹೆದರಿ ನಿಮ್ಮ ಹತ್ತಿರವೇ ಓಡಿ ಬರುತ್ತದೆ. ಹಿಂದೆ ಆನೆ.

ಲಸಿಕೆ ಯಾವುದು, ಯಾವಾಗ?

ನಾಯಿಮರಿಗೆ ಪಾರ್ವೊ, ಡಿಸ್ಟೆಂಪರ್ ಅನ್ನುವ ಮಾರಕ ರೋಗಗಳು ಬಾರದ ಹಾಗೆ ಕೊಡುವ ಲಸಿಕೆ 6ರಿಂದ 8 ವಾರಕ್ಕೆ ಶುರು. ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ ಕೊಡುತ್ತಾರೆ. ಹುಚ್ಚುನಾಯಿ ರೋಗದ ಲಸಿಕೆ 3 ತಿಂಗಳಿಗೆ, ಆಮೇಲೆ ಡಾಕ್ಟರು ಹೇಳಿದ ಹಾಗೆ ವರ್ಷಕ್ಕೊಮ್ಮೆ. ಬೆಕ್ಕಿಗೂ ಇದು ಬೇಕು. 'ಬೆಕ್ಕಿಗೆ ಯಾಕೆ' ಅನ್ನುವವರು ಇನ್ನೂ ಇದ್ದಾರೆ. ಹೊಸ ಪ್ರಾಣಿಯನ್ನು ಹಳೆಯವುಗಳ ಜೊತೆ ಬಿಡುವ ಮೊದಲು ಡಾಕ್ಟರಿಗೆ ತೋರಿಸಿ, ಜಂತುಹುಳದ ಔಷಧಿ ಹಾಕಿಸಿ.

ಜಗಳ ಬಿಡಿಸುವಾಗ ನಿಮಗೆ ಕಚ್ಚಿದರೆ, ಗೀರಿದರೆ, 15 ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಿರಿ. ಅರಿಸಿನ, ಸುಣ್ಣ, ಕಾಫಿಪುಡಿ ಮೆತ್ತಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ, ನಮ್ಮದೇ ನಾಯಿ ಅಂತ ಸುಮ್ಮನಿರಬೇಡಿ. ಪ್ರಾಣಿಗಳಿಗೆ ಊರಿನ ದನದ ಆಸ್ಪತ್ರೆ ಇದ್ದೇ ಇದೆ, ದೊಡ್ಡ ತೊಂದರೆಯಾದರೆ ಹಾಸನದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಪಶು ಸಂಜೀವಿನಿ ಆಂಬುಲೆನ್ಸ್ ಬೇಕಾದರೆ 1962ಕ್ಕೆ ಫೋನ್ ಮಾಡಬಹುದು.

ಎಲ್ಲಾ ಮಾಡಿದ್ವಿ. ಆರು ತಿಂಗಳಾದ್ರೂ ಹೊಂದಿಕೊಳ್ಳಲಿಲ್ಲ. ಏನು ಮಾಡೋದು?

ಮೊದಲು ಬೆಕ್ಕನ್ನು ಗಮನಿಸಿ. ಮಂಚದ ಕೆಳಗಿನಿಂದ ಈಚೆ ಬರುತ್ತಿಲ್ಲವಾ? ಟ್ರೇ ಬಿಟ್ಟು ಹಾಸಿಗೆಯಲ್ಲಿ ಮೂತ್ರ ಮಾಡುತ್ತಿದೆಯಾ? ಒಂದೇ ಕಡೆ ನೆಕ್ಕಿ ನೆಕ್ಕಿ ಕೂದಲು ಉದುರಿದೆಯಾ? ಹಾಗಿದ್ದರೆ ಕ್ರಮವನ್ನು ಮೊದಲಿನಿಂದ, ಮುಚ್ಚಿದ ಬಾಗಿಲಿನಿಂದ, ಮತ್ತೆ ಶುರು ಮಾಡಿ. ಎರಡನೇ ಸಲ ಎಷ್ಟೋ ಮನೆಗಳಲ್ಲಿ ಸರಿಹೋಗುತ್ತದೆ. ಮನೆಯನ್ನು ಹೊತ್ತು ಹಾಕಿ ಹಂಚುವುದೂ ಒಂದು ದಾರಿ. ಬೆಳಿಗ್ಗೆ ನಾಯಿ ಹೊರಗೆ, ಬೆಕ್ಕು ಒಳಗೆ. ಸಂಜೆ ಅದಲು ಬದಲು.

ಅದೂ ಆಗದಿದ್ದರೆ ಒಂದಕ್ಕೆ ಬೇರೆ ಮನೆ ನೋಡುವುದರಲ್ಲಿ ನಾಚಿಕೆ ಪಡಬೇಕಾದದ್ದು ಏನೂ ಇಲ್ಲ. ನಮ್ಮ ಒಂದು ಗಂಡು ಬೆಕ್ಕನ್ನು ಆಲೂರಿನ ನಮ್ಮ ಅತ್ತೆಯ ಮನೆಗೆ ಕೊಟ್ಟೆವು, ಅಲ್ಲಿ ನಾಯಿ ಇಲ್ಲ. ಗೋಣಿಚೀಲದಲ್ಲಿ ಕಟ್ಟಿ ಸಂತೆಯ ಹತ್ತಿರ, ಘಾಟಿ ರಸ್ತೆಯಲ್ಲಿ ಬಿಟ್ಟು ಬರುವುದು ಮಾತ್ರ ಬೇಡ. ಕೊಡುವಾಗ ಅದರ ಹಳೇ ಹಾಸಿಗೆ, ತಟ್ಟೆ ಜೊತೆಗೆ ಕಳಿಸಿ. ಹೊಸ ಮನೆಯವರಿಗೆ ಮೊದಲ ಎರಡು ಮೂರು ವಾರ ಹೊರಗೆ ಬಿಡಬೇಡಿ ಅಂತ ಹೇಳಿ. ಇಲ್ಲದಿದ್ದರೆ ಹಳೇ ಮನೆ ಹುಡುಕಿಕೊಂಡು ಹೊರಟುಬಿಡುತ್ತದೆ.